ಮೂರನೇ ಲೋಟದ ಹೊತ್ತಿಗೆ

ಓರಾನ್
೧೯೯೭, ಜನವರಿ ೫

ಸುಕೈನಾ,

ಸಲಾಂ. ನೀನು ಹೇಗಿದ್ದೀಯ, ನಿನ್ನಮ್ಮ ಹೇಗಿದ್ದಾಳೆ, ಡೇರೆ ಹೇಗಿದೆ, ಆಡುಗಳು ಹೇಗಿವೆ, ಗಾಳಿ ಹೇಗಿದೆ, ಎಲ್ಲವನ್ನೂ ಕ್ರಮವಾಗಿ ಕೇಳಿದ್ದೇನೆ ಎಂದುಕೊ. ಈಗ ವಿಷಯಕ್ಕೆ ಬರುತ್ತೇನೆ.

ಲಾರಿ ಬೂದಾನ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಹೊರಗಿನದು ಹಳೆಯ ಕರೆಂಟ್ ಮೀಟರಿನ ಅಲ್ಯೂಮಿನಿಯಂ ಕವಚ. ಒಳಗಿರುವುದು ನಾನು ಮೂರು ತಿಂಗಳು ಕೂತು ಮಾಡಿದ ಕಂಪ್ರೆಸರ್. ಗಿಟಾರಿನ ವೈರು ಎಡಗಡೆಯ ತೂತಿಗೆ, ಆಂಪ್ಲಿಫೈಯರಿನದು ಬಲಗಡೆಯದಕ್ಕೆ. ಮೇಲಿನ ಗುಂಡಿಯನ್ನು ಕಾಲಿನಿಂದ ಒತ್ತಿದರೆ ಕೆಲಸ ಶುರು. ಜೋರಾಗಿ ಮೀಟಿದ್ದನ್ನು ಇದು ತಗ್ಗಿಸುತ್ತದೆ, ಮೆಲ್ಲಗೆ ಮೀಟಿದ್ದನ್ನು ಎತ್ತುತ್ತದೆ. ತುಂಬಿದ ಡೇರೆಯಲ್ಲಿ ಕಿರುಚುವವನ ಹೆಗಲ ಮೇಲೆ ಕೈಯಿಟ್ಟು ಕೂರಿಸುವ ಹಿರಿಯ ಇರುತ್ತಾನಲ್ಲ, ಅವನ ಕೆಲಸ.

ಯಾಕೆಂದು ನಿನಗೇ ಗೊತ್ತು. ಗಂಟಲಿನ ಆಪರೇಷನ್ ಆದಮೇಲೆ ನಿನ್ನಮ್ಮನ ದನಿ ಸಣ್ಣದಾಗಿದೆ. ನಿನ್ನ ಅಜ್ಜಿಯ ಹಾಡುಗಳು ಈಗ ಇರುವುದು ಅವಳೊಬ್ಬಳ ಬಾಯಲ್ಲಿ. ನಿರಾಶ್ರಿತರ ಶಿಬಿರದ ರೇಡಿಯೋದವರು ಏಪ್ರಿಲ್ ೨೪ಕ್ಕೆ ಯಂತ್ರ ತಂದು ರೆಕಾರ್ಡ್ ಮಾಡುತ್ತಾರೆ ಎಂದು ಬೂದಾ ಹೇಳಿದ. ಅವಳು "ಗಿಟಾರ್ ನನ್ನ ತಲೆ ಮೇಲೆ ಹತ್ತಿದ್ರೆ ಎದ್ದು ಹೋಗ್ತೀನಿ ಅಷ್ಟೆ" ಎಂದಳಂತೆ. ಗಿಟಾರ್ ನುಡಿಸುವ ನಿನ್ನ ಚಿಕ್ಕಪ್ಪ ಹಮೂದಿಯ ಕೈ ನನಗೆ ಗೊತ್ತು. ನಮ್ಮ ಹಾಡಿನ ತಂಡದಲ್ಲಿ ಹತ್ತು ವರ್ಷ ಸ್ಪೀಕರ್ ಪಕ್ಕ ಕೂತವನು ನಾನು. ಅವನು ಮೀಟುವುದು ಒಂಟೆ ಒದ್ದ ಹಾಗೆ. ಆ ಕೈಗೆಂದೇ ಇದನ್ನು ಮಾಡಿದ್ದು.

ಒಂಬತ್ತು ವೋಲ್ಟ್ ಬೇಕು. ಟಾರ್ಚಿನ ದೊಡ್ಡ ಸೆಲ್ಲು ಆರು, ಸಾಲಾಗಿ. ಕೂರಿಸಲು ಮರದ ಪಟ್ಟಿ ಜೊತೆಯಲ್ಲಿದೆ.

ಪೆಟ್ಟಿಗೆ ನೋಡಿ ನಿನ್ನಮ್ಮ ಏನೆಂದಳು, ಬರೆ.

ಮಹಜೂಬ್ ಮಾವ


ಸ್ಮಾರಾ ಶಿಬಿರ
ಜನವರಿ ೨೯

ಪ್ರೀತಿಯ ಮಹಜೂಬ್ ಮಾವ,

ಪೆಟ್ಟಿಗೆ ಬಂತು. ಬೂದಾ ಅದನ್ನು ತನ್ನ ಸೀಟಿನ ಕೆಳಗೆ, ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದರು. "ನಿಮ್ಮಾವ ಇದನ್ನ ಮೊಟ್ಟೆ ಕೊಟ್ಟ ಹಾಗೆ ಕೊಟ್ಟ ಕಣಮ್ಮಾ" ಎಂದರು.

ಅಮ್ಮ ಏನೆಂದಳು ಎಂದು ಕೇಳಿದ್ದೀರಿ. ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಮಾತಾಡೋಕೆ ಬಾಯಿಲ್ದೋನು ಡಬ್ಬಿ ಕಳ್ಸಿದಾನೆ" ಎಂದಳು. ಆಮೇಲೆ ಅದನ್ನು ತನ್ನ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಳು. ಎರಡನ್ನೂ ಬರೆದಿದ್ದೇನೆ.

ಮೊದಲ ದಿನ ನಮಗೆ ನಂಬಲಾಗಲಿಲ್ಲ. ಜೋರಾಗಿ ಮೀಟಿದರೂ ಗಿಟಾರು ತನ್ನ ಜಾಗದಲ್ಲೇ ಕೂತಿತ್ತು. ಮೆಲ್ಲಗೆ ಮೀಟಿದರೆ ಸ್ವರ ಹೋಗದೆ ಉಳಿಯಿತು. ಅಮ್ಮ ಆಡಿಗೆ ನೀರು ಇಡುತ್ತಿದ್ದವಳು ಬಾಗಿಲ ಹತ್ತಿರ ನಿಂತಳು. ಒಂದು ಸಾಲು ಗುನುಗಿದಳು. ಅಪ್ಪ ತೀರಿಕೊಂಡ ಮೇಲೆ ಹಾಡು ಕಡಿಮೆಯಾಗಿತ್ತು, ಆಪರೇಷನ್ ಆದಮೇಲಿನ ಎರಡು ವರ್ಷದಲ್ಲಿ ಅದೇ ಮೊದಲ ಸಾಲು, ಮಾವ. ನಾನು ಅತ್ತ ನೋಡಲಿಲ್ಲ. ನೋಡಿದ್ದರೆ ನಿಲ್ಲಿಸಿಬಿಡುತ್ತಿದ್ದಳು.

ಆದರೆ ಸ್ವಲ್ಪ ಹೊತ್ತಿಗೆ ಸದ್ದು ಹರಿಯತೊಡಗಿತು. ಹೊಸ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಸೀಳಿದ ಹಾಗೆ. ಮರಳು ಬಿದ್ದ ರೊಟ್ಟಿ ಜಗಿದ ಹಾಗೆ ಎಂದರೆ ಇನ್ನೂ ಹತ್ತಿರ. ಅಮ್ಮ ಗುನುಗುವುದನ್ನು ನಿಲ್ಲಿಸಿ ಹೊರಗೆ ಹೋದಳು. ಆಮೇಲಿನ ದಿನಗಳಲ್ಲೂ ಹೀಗೆಯೇ ಆಗಿದೆ. ಮೊದಲು ಚೆನ್ನಾಗಿರುತ್ತದೆ, ನಂತರ ಹರಿಯುತ್ತದೆ. ನುಡಿಸುವವರಿಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ.

ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಐವತ್ತೆರಡು ಮಕ್ಕಳು. ನನ್ನ ದನಿ ಮೂರನೇ ಸಾಲಿನವರೆಗೆ ಮಾತ್ರ ಹೋಗುತ್ತದೆ.

ನಿಮ್ಮ ಸುಕೈನಾ


ಓರಾನ್
ಫೆಬ್ರವರಿ ೧೦

ಸುಕೈನಾ,

ನಾನು ಇಲ್ಲಿಗೆ ಬರುವ ಮೊದಲೇ ನೀನು ಇದೇ ಊರಿನಲ್ಲಿ ನಾಲ್ಕು ವರ್ಷ ಸಾಹಿತ್ಯ ಓದಿದೆ, ಸಂತೋಷ. ಆದರೆ ಹರಿದ ಬಟ್ಟೆಯನ್ನೂ ಮರಳು ರೊಟ್ಟಿಯನ್ನೂ ನಾನು ಬೆಸುಗೆ ಹಾಕಲಾರೆ. ಯಾವ ತಂತಿ? ಎಷ್ಟು ಜೋರು ಮೀಟಿದಾಗ? ಮೀಟಿದ ಕ್ಷಣದಲ್ಲೋ, ಸ್ವರ ಸಾಯುವಾಗಲೋ? ಶುರುಮಾಡಿ ಎಷ್ಟು ಹೊತ್ತಿಗೆ? ಇದನ್ನು ಬರೆ.

ಹೇಳಿದ ಕ್ರಮದಲ್ಲೇ ಮಾಡು. ಮೊದಲು ಪೆಟ್ಟಿಗೆಯನ್ನು ಬಿಟ್ಟು ಗಿಟಾರನ್ನು ನೇರ ಆಂಪ್ಲಿಫೈಯರಿಗೆ ಕೊಡು. ಆಗಲೂ ಹರಿದರೆ ತಪ್ಪು ನನ್ನದಲ್ಲ. ಹರಿಯದಿದ್ದರೆ ಪೆಟ್ಟಿಗೆ ಹಾಕಿ ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸು. ಕಡಿಮೆಯಾದರೆ ಹಮೂದಿಯ ಕೈ ಭಾರವಾಯಿತು ಎಂದರ್ಥ. ಮೂರನೆಯದು, ಮುಚ್ಚಳ ತೆಗೆದು, ಒಂದು ಮರದ ಕಡ್ಡಿಯಿಂದ ಬೆಸುಗೆಗಳನ್ನು ಒಂದೊಂದಾಗಿ ಒತ್ತುತ್ತಾ ಕೇಳು. ಸಾವಿರದ ನಾನೂರು ಕಿಲೋಮೀಟರ್ ಲಾರಿಯಲ್ಲಿ ಕುಣಿದು ಬಂದದ್ದು, ಎಲ್ಲಾದರೂ ಬಿಟ್ಟಿರಬಹುದು. ಬೆರಳು ಹಾಕಬೇಡ.

ಒಳಗೆ ಒಂದು ಕಪ್ಪು ಕೊಳವೆ ಇದೆ. ಅದರ ಒಂದು ತುದಿಯಲ್ಲಿ ಪುಟ್ಟ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಬಿದ್ದಷ್ಟೂ ಸದ್ದು ತಗ್ಗಿಸುವ ಒಂದು ಬಿಡಿಭಾಗ. ಜೋರಾಗಿ ಮೀಟಿದರೆ ದೀಪ ಉರಿಯುತ್ತದೆ, ಸದ್ದು ತಗ್ಗುತ್ತದೆ. ಹೊರಗಿನ ಬಿಸಿಲು ಅದರೊಳಗೆ ನುಗ್ಗಬಾರದು. ಕಪ್ಪು ಟೇಪು ಸುತ್ತು.

ಸೆಲ್ಲುಗಳು ಸರಿಯಿವೆಯೇ?

ನಿನ್ನಮ್ಮ ಗುನುಗಿದ್ದು ಯಾವ ಸಾಲು?

ಮಹಜೂಬ್ ಮಾವ


ಸ್ಮಾರಾ ಶಿಬಿರ
ಫೆಬ್ರವರಿ ೨೬

ಪ್ರೀತಿಯ ಮಾವ,

ಹೇಳಿದ ಕ್ರಮದಲ್ಲೇ ಮಾಡಿದೆವು. ಪೆಟ್ಟಿಗೆ ಇಲ್ಲದಿದ್ದರೆ ಗಿಟಾರು ಸ್ವಚ್ಛ. ಪೆಟ್ಟಿಗೆ ಹಾಕಿ ವಾಲ್ಯೂಮು ಅರ್ಧ ಮಾಡಿದರೆ ಹರಿಯುವುದು ಕಡಿಮೆಯಾಯಿತು, ಹೋಗಲಿಲ್ಲ. ಮೊದಲು ಕೆಡುವುದು ಎಲ್ಲಕ್ಕಿಂತ ದಪ್ಪ ತಂತಿ, ಹೆಬ್ಬೆರಳು ಬಿಡದೆ ಮೀಟುತ್ತಿರುವ ತಂತಿ. ಮೀಟಿದ ಕ್ಷಣದಲ್ಲಿ ಹರಿಯುತ್ತದೆ, ಬಾಲ ಚೆನ್ನಾಗಿಯೇ ಇರುತ್ತದೆ. ಬೆಸುಗೆಗಳನ್ನೆಲ್ಲ ನನ್ನ ಮಿಸ್ವಾಕ್ ಕಡ್ಡಿಯಿಂದ ಒತ್ತಿದೆ. ಅಮ್ಮ ನೋಡಿ, "ಏನೇ, ಡಬ್ಬಿಗೆ ಹಲ್ಲುಜ್ತಿದೀಯಾ?" ಎಂದಳು. ಯಾವುದೂ ಬಿಟ್ಟಿರಲಿಲ್ಲ. ಟೇಪು ಸುತ್ತಿದೆ. ಆ ಪುಟ್ಟ ದೀಪವನ್ನು ಮುಚ್ಚುವ ಮೊದಲು ಒಂದು ಸಲ ಉರಿಸಿ ನೋಡಿದೆ, ಕ್ಷಮಿಸಿ. ಸೆಲ್ಲುಗಳು ಒಳ್ಳೆಯವು.

ಎಷ್ಟು ಹೊತ್ತಿಗೆ ಎಂದು ಕೇಳಿದ್ದೀರಿ. ನಮ್ಮಲ್ಲಿ ಗಡಿಯಾರ ನಿಂತಿದೆ, ಎಂದಿನ ಮೂರು ಲೋಟ ಚಹಾದ ಲೆಕ್ಕದಲ್ಲಿ ಹೇಳುತ್ತೇನೆ. ಅಮ್ಮ ಮೊದಲ ಲೋಟ ಬಗ್ಗಿಸುವಾಗ ಎಲ್ಲ ಸರಿ. ಎರಡನೇ ಲೋಟದ ಹೊತ್ತಿಗೆ ದಪ್ಪ ತಂತಿ ಕರಕರ ಎನ್ನುತ್ತದೆ. ಮೂರನೇ ಲೋಟ ಮುಗಿಯುವಾಗ ಆರೂ ತಂತಿ ಕೆಟ್ಟಿರುತ್ತವೆ. ಮರುದಿನ ಮತ್ತೆ ಮೊದಲ ಲೋಟಕ್ಕೆ ಸರಿ.

ಮಾವ, ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಇದನ್ನು ಕಳಿಸುವ ಮೊದಲು ನೀವು ಕೇಳಿರುತ್ತೀರಲ್ಲ? ಅಷ್ಟು ಹರಿಯುವ ಸದ್ದು ನಿಮ್ಮ ಕಿವಿಗೆ ಬೀಳಲಿಲ್ಲವೇ? ಅಮ್ಮ ಹೇಳುತ್ತಾಳೆ, "ಮೂರು ದಿಬ್ಬದ ಆಚೆ ಆಡಿನ ಗಂಟೆ ಅಲ್ಲಾಡಿದ್ರೆ ಯಾರ ಆಡು ಅಂತ ಹೇಳ್ತಿದ್ದೋನು ಅವನು."

ಅಮ್ಮ ಗುನುಗಿದ್ದು ಬಾವಿಯ ಹಾಡಿನ ಎರಡನೇ ಸಾಲು. ಮೊದಲನೆಯದನ್ನು ಬಿಟ್ಟಳು. ಅಲ್ಲಿ ದನಿ ಮೇಲೆ ಹೋಗಬೇಕು.

ಸುಕೈನಾ


ಓರಾನ್
ಮಾರ್ಚ್ ೧೪

ಸುಕೈನಾ,

ಒಂದು ಹೊಸ ಐ.ಸಿ. ಕಳಿಸಿದ್ದೇನೆ. ಎಂಟು ಕಾಲಿನದು. ಹಳೆಯದನ್ನು ತೆಗೆದು ಇದನ್ನು ಹಾಕು, ಚುಕ್ಕೆ ಇರುವ ಕಡೆ ಚುಕ್ಕೆ.

ಮೂರನೇ ಲೋಟದ ಹೊತ್ತಿಗೆ ಹಮೂದಿಗೆ ಬಿಸಿಯೇರುತ್ತದೆ, ಕೈ ಜೋರಾಗುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ.

ನನ್ನ ಕಿವಿಗೆ ಬಿತ್ತೋ ಇಲ್ಲವೋ ಎಂಬುದು ಇಲ್ಲಿ ಬೇಡದ ಮಾತು.

ಮಹಜೂಬ್


ಸ್ಮಾರಾ ಶಿಬಿರ
ಮಾರ್ಚ್ ೨೫

ಮಾವ,

ಬೆಸುಗೆಯ ಕಡ್ಡಿಯನ್ನು ಚಹಾದ ಕೆಂಡದಲ್ಲಿ ಕಾಯಿಸಿ, ಎಂಟೂ ಕಾಲು ಬಿಡಿಸಿ, ಹೊಸದನ್ನು ಕೂರಿಸಿದೆ. ಚುಕ್ಕೆಯ ಕಡೆಗೆ ಚುಕ್ಕೆಯನ್ನೇ ಇಟ್ಟೆ. ಮೊದಲ ಲೋಟಕ್ಕೆ ಸರಿಯಿತ್ತು. ಮೂರನೆಯದಕ್ಕೆ ಹರಿಯಿತು.

ಕಳೆದ ಪತ್ರದಲ್ಲಿ ನಿಮ್ಮನ್ನು ನೋಯಿಸಿದೆ ಎಂದು ತಿಳಿಯಿತು. ನೀವು ಯಾವತ್ತೂ "ಮಾವ" ಎಂದು ಸಹಿ ಹಾಕುವವರು, ಈ ಸಲ ಹಾಕಲಿಲ್ಲ. ಏನು ತಪ್ಪಾಡಿದೆ ಎಂದು ಮಾತ್ರ ಗೊತ್ತಾಗಲಿಲ್ಲ.

ಸಿಟ್ಟಿದ್ದರೂ ಇದನ್ನು ಓದಿ. ರೇಡಿಯೋದಿಂದ ಒಬ್ಬರು ಬಂದಿದ್ದರು. ಅಮ್ಮ ಅವರಿಗೆ, "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನ ಗಂಟಲು ಒಂದು ಕಡೆ, ಗಿಟಾರ್ ಒಂದು ಕಡೆ ಹರಿದ್ರೆ, ಕೇಳೋರು ಏನು ತೇಪೆ ಹಾಕ್ಕೋತಾರಾ?" ಎಂದಳು. ಅವರು ೨೪ರವರೆಗೆ ಕಾಯುತ್ತೇವೆ ಎಂದು ಹೋದರು. ಈ ಸುತ್ತು ತಪ್ಪಿದರೆ ಯಂತ್ರ ಮತ್ತೆ ಯಾವಾಗ ಬರುತ್ತದೋ ಅವರಿಗೂ ಗೊತ್ತಿಲ್ಲ. ಬಾವಿಯ ಹಾಡಿನಲ್ಲಿ ಹನ್ನೊಂದು ಸಾಲಿದೆ ಎಂದು ಅಜ್ಜಿ ಹೇಳುತ್ತಿದ್ದಳಂತೆ. ನನಗೆ ಆರು ಗೊತ್ತು.

ಇನ್ನೊಂದನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಎರಡು ವರ್ಷದ ಹಿಂದೆ, ಆಪರೇಷನ್ ಆದಮೇಲೆ ನೀವು ಬಂದಿರಲ್ಲ, ಆಗ ಅಮ್ಮ ಮೂರು ದಿನ ನಿಮ್ಮೊಡನೆ ಆ ಹೊಸ ದನಿಯಲ್ಲಿ ಮಾತಾಡಿದಳು. ನೀವು ತಲೆಯಾಡಿಸಿದಿರಿ, ಉತ್ತರ ಕೊಡಲಿಲ್ಲ. ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಹೊರಟಿರಿ. ಅಮ್ಮ ಅಂದಿನಿಂದ ಹೇಳುವುದು ಒಂದೇ: "ನನ್ನ ಈ ದನಿ ಕೇಳೋಕೆ ಅವನಿಗೆ ಹೇಸಿಗೆ." ಈಗ ಪೆಟ್ಟಿಗೆ ಹರಿದಾಗಲೂ, "ಇದೂ ಅವನ ಹಾಗೇ. ಮೊದ್ಲು ಚೆನ್ನಾಗಿರತ್ತೆ, ಆಮೇಲೆ ಮುಖ ತಿರುಗಿಸತ್ತೆ" ಎನ್ನುತ್ತಾಳೆ.

ಅದು ನಿಜವಲ್ಲ ಎಂದು ನನಗೆ ಅನ್ನಿಸುತ್ತದೆ. ಹೇಸಿಗೆ ಇರುವವರು ಮೂರು ತಿಂಗಳು ಕೂತು ಪೆಟ್ಟಿಗೆ ಮಾಡುವುದಿಲ್ಲ.

ಸುಕೈನಾ


ಓರಾನ್
ಏಪ್ರಿಲ್ ೪

ಮಗಳೇ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಿ, ಮನೆಗೆ ಹೋಗಿ ಮತ್ತೆ ಓದಿದೆ.

ನನ್ನ ಬಲಗಿವಿ ಹೋಗಿ ಐದು ವರ್ಷವಾಯಿತು. ಎಡಗಿವಿಯಲ್ಲಿ ಕೆಳಗಿನ ಸ್ವರಗಳು ಉಳಿದಿವೆ, ಮೇಲಿನವು ಇಲ್ಲ. ಲಾರಿಯ ಎಂಜಿನ್ ಕೇಳುತ್ತದೆ, ಕುದಿಯುವ ಕೆಟಲ್ ಕೇಳುವುದಿಲ್ಲ. ಡಾಕ್ಟರು, ಸ್ಪೀಕರ್ ಪಕ್ಕ ಹತ್ತು ವರ್ಷ ಕೂತರೆ ಇನ್ನೇನಾಗುತ್ತದೆ ಎಂದರು. ಇಲ್ಲಿನ ಕೆಲಸ ಸಿಕ್ಕಿತು ಎಂದು ನಾನು ಶಿಬಿರ ಬಿಟ್ಟದ್ದಲ್ಲ. ಶಿಬಿರ ಬಿಡಬೇಕೆಂದು ಕೆಲಸ ಹುಡುಕಿದೆ. ರೇಡಿಯೋ ರಿಪೇರಿಯವನಿಗೆ ಕಿವಿ ಕೇಳುವುದಿಲ್ಲ ಎಂದರೆ ನಗುತ್ತಾರೆ, ಇಲ್ಲವೇ ಅಯ್ಯೋ ಎನ್ನುತ್ತಾರೆ. ಎರಡೂ ನನಗೆ ಬೇಡವಾಗಿತ್ತು.

ನಿನ್ನಮ್ಮ ತೆಕ್ಬರ್ ಆ ಮೂರು ದಿನ ಏನು ಹೇಳಿದಳೋ ನನಗೆ ಒಂದೂ ಗೊತ್ತಿಲ್ಲ. ಅವಳ ತುಟಿ ಅಲ್ಲಾಡುತ್ತಿತ್ತು, ನಾನು ತಲೆಯಾಡಿಸಿದೆ. ನಾಲ್ಕನೇ ದಿನ ಅವಳಿಗೆ ಗೊತ್ತಾಗಿಬಿಡುತ್ತದೆ ಎಂದು ಹೊರಟೆ.

ಪೆಟ್ಟಿಗೆಯನ್ನು ನಾನು ಕಿವಿಯಿಂದ ಸರಿಮಾಡಿದ್ದಲ್ಲ, ಮೀಟರಿನ ಮುಳ್ಳಿನಿಂದ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ಕಳಿಸಿದೆ. ಹರಿಯುವ ಸದ್ದನ್ನು ಮುಳ್ಳು ಹೇಳುವುದಿಲ್ಲ. ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ಬೀಳಲಿಲ್ಲ.

ಈಗ ನನಗೆ ಕಿವಿ ಅಂತ ಇರುವುದು ನಿನ್ನ ಪತ್ರ. ಅದಕ್ಕೇ ಹೇಳುತ್ತೇನೆ. ಯಾವ ತಂತಿ, ಎಷ್ಟು ಜೋರು ಎಂದು ನಾನು ಕೇಳಿದ್ದೇ ತಪ್ಪು. ನಾನು ಕೇಳಿದ್ದಕ್ಕೆ ಮಾತ್ರ ನೀನು ಉತ್ತರ ಕೊಟ್ಟೆ. ಯಾವುದನ್ನು ಕೇಳಬೇಕು ಎಂಬುದೇ ನನಗೆ ಗೊತ್ತಿಲ್ಲ. ಪೆಟ್ಟಿಗೆಯ ಒಂದು ಇಡೀ ದಿನವನ್ನು ಬರೆ. ಬೆಳಿಗ್ಗೆ ಎದ್ದಾಗಿನಿಂದ ಮೂರನೇ ಲೋಟ ಮುಗಿಯುವವರೆಗೆ, ಯಾರು ಏನು ಮುಟ್ಟಿದರು, ಎಲ್ಲಿಟ್ಟರು, ಎಲ್ಲ. ಇದು ಮುಖ್ಯ, ಇದು ಅಲ್ಲ ಎಂದು ನೀನು ಆರಿಸಬೇಡ.

ನಿನ್ನಮ್ಮನಿಗೆ ಹೇಳಬೇಡ. ಇಷ್ಟು ದಿನ ಮುಚ್ಚಿಟ್ಟದ್ದು, ಪತ್ರದಲ್ಲಿ ಹೋಗುವುದು ಬೇಡ.

ಮಹಜೂಬ್ ಮಾವ


ಸ್ಮಾರಾ ಶಿಬಿರ
ಏಪ್ರಿಲ್ ೧೨

ಪ್ರೀತಿಯ ಮಾವ,

ಆರಿಸಬೇಡ ಎಂದಿರಿ. ಆರಿಸದೆ ಬರೆಯುತ್ತೇನೆ. ಇದು ನಿನ್ನೆಯ ದಿನ.

ಎದ್ದಾಗ ಗಾಳಿ ಇರಲಿಲ್ಲ. ಶುಕ್ರವಾರ, ಶಾಲೆ ಇಲ್ಲ. ಪೆಟ್ಟಿಗೆ ಅಮ್ಮನ ದಿಂಬಿನ ಪಕ್ಕದಲ್ಲಿತ್ತು, ಅದರ ಮೇಲೆ ಬಟ್ಟೆ. ನಾನು ಬಟ್ಟೆ ತೆಗೆದು ಮರಳು ಕೊಡವಿದೆ. ಅಮ್ಮ ರೊಟ್ಟಿಗೆ ಹಿಟ್ಟು ಕಲಸಿಟ್ಟು, ಮರದ ಪಟ್ಟಿಯಿಂದ ಆರು ಸೆಲ್ಲು ಬಿಡಿಸಿಕೊಂಡು ಹೊರಗೆ ಹೋದಳು. ಆಡಿನ ದೊಡ್ಡಿಯ ಮಣ್ಣಿನ ಗೋಡೆಯ ಮೇಲೆ ಅವನ್ನು ಸಾಲಾಗಿ ಮಲಗಿಸಿದಳು. ಪಕ್ಕದ ಡೇರೆಯ ಸೆಲ್ಲುಗಳೂ ಅಲ್ಲೇ ಇದ್ದವು, ನಮ್ಮವು ಬೆರೆಯದ ಹಾಗೆ ನಡುವೆ ಒಂದು ಕಲ್ಲು ಇಟ್ಟಳು. ಕಂದು ಆಡು ಒಂದನ್ನು ನೆಕ್ಕಿತು, ಬೈದು ಓಡಿಸಿದಳು. ಬಿಸಿಲು ಏರಿದ ಹಾಗೆ ಎರಡು ಸಲ ಹೋಗಿ ರೊಟ್ಟಿ ಮಗುಚಿದ ಹಾಗೆ ಮಗುಚಿ ಬಂದಳು. ಮಧ್ಯಾಹ್ನದ ಹೊತ್ತಿಗೆ ಅವು ಕೈಯಲ್ಲಿ ಹಿಡಿಯಲಾಗದಷ್ಟು ಕಾದಿದ್ದವು. "ಈಗ ಜೀವ ಬಂತು ನೋಡು" ಎಂದು ಮೆಲ್‌ಹ್ಫಾದ ಸೆರಗಿನಲ್ಲಿ ಕಟ್ಟಿಕೊಂಡು ತಂದು ನನಗೆ ಕೊಟ್ಟಳು. ನಾನು ಪಟ್ಟಿಗೆ ಕೂರಿಸಿದೆ.

ಆಂಪ್ಲಿಫೈಯರು ನಡೆಯುವುದು ಸೋಲಾರಿನಿಂದ ಚಾರ್ಜಾಗುವ ಲಾರಿ ಬ್ಯಾಟರಿಯಿಂದ. ಅಮ್ಮ ಕೆಂಡ ಊದಿ, ಕೆಟಲ್ ಇಟ್ಟು ಕೂತಳು.

ಗಿಟಾರು ಎತ್ತಿಕೊಂಡದ್ದು ನಾನು.

ಇದನ್ನು ಮೂರು ಪತ್ರದಲ್ಲಿ "ನುಡಿಸುವವರು" ಎಂದು, "ಮಾಡಿದೆವು" ಎಂದು ದಾಟಿಸಿದೆ. ಹಮೂದಿ ಚಿಕ್ಕಪ್ಪ ನವೆಂಬರಿನಲ್ಲೇ ಮೀನಿನ ಕೆಲಸಕ್ಕೆ ಸಮುದ್ರದ ಕಡೆ ಹೋದರು. ಹೊರಡುವಾಗ ಅಪ್ಪನ ಗಿಟಾರನ್ನು ಡೇರೆಯ ಕಂಬಕ್ಕೆ ಒರಗಿಸಿ, "ತೆಕ್ಬರ್, ಇದನ್ನ ಧೂಳು ತಿನ್ನೋಕೆ ಬಿಡ್ಬೇಡ" ಎಂದರು. ಓರಾನಿನ ಹಾಸ್ಟೆಲಿನಲ್ಲಿ ನಾನು ಎರಡು ವರ್ಷ ಯಾರಿಗೂ ಹೇಳದೆ ಕಲಿತಿದ್ದೆ. ಹುಡುಗಿ ಗಿಟಾರ್ ಹಿಡಿಯಬಾರದು ಎಂದು ಇಲ್ಲಿ ಯಾರೂ ಹೇಳಿಲ್ಲ. ಯಾರೂ ಹಿಡಿದದ್ದನ್ನು ನಾನು ನೋಡಿಯೂ ಇಲ್ಲ. ಹಮೂದಿಯ ಕೈಗೆಂದು ಮಾಡಿದ ಪೆಟ್ಟಿಗೆಯನ್ನು ಈ ಕೈಗೆ ಕೊಡುತ್ತೀರೋ ಇಲ್ಲವೋ ಎಂದು ಹೆದರಿದೆ. ನನ್ನದು ಒಂಟೆಯ ಒದೆತವಲ್ಲ, ಮಾವ. ಅಮ್ಮ ಹೇಳುವುದು, "ತಂತಿ ಮುಟ್ಟೋಕೂ ಪರ್ಮಿಷನ್ ಕೇಳ್ತೀಯಲ್ಲೇ!" ಮೂರನೇ ಲೋಟಕ್ಕೂ ನನಗೆ ಬಿಸಿಯೇರುವುದಿಲ್ಲ.

ಮೊದಲ ಲೋಟ: ಸ್ವಚ್ಛ. ಅಮ್ಮ ತನ್ನ ತಬಲ್ ಡೋಲಿನ ಚರ್ಮದ ಮೇಲೆ ಬೆರಳಿನಿಂದ ತಾಳ ಹಾಕಿದಳು. ಎರಡನೇ ಲೋಟ: ದಪ್ಪ ತಂತಿ ಕರಕರ. ಅಮ್ಮ ಕೈ ತೆಗೆದಳು. ಮೂರನೇ ಲೋಟ: ಎಲ್ಲ ಹರಿಯಿತು. ಆ ಪುಟ್ಟ ದೀಪ, ಮೊದಲು ಕೊಳವೆಯ ಅಂಚಿನಲ್ಲಿ ಟೇಪಿನ ಸಂದಿಯಿಂದ ಕೆಂಪಾಗಿ ಕಾಣುತ್ತಿತ್ತು, ಈಗ ಕಾಣಲಿಲ್ಲ. ಸೆಲ್ಲುಗಳನ್ನು ಬಿಡಿಸಿದಾಗ ತಣ್ಣಗಿದ್ದವು. ಅಮ್ಮ ಅವನ್ನು ನಾಳೆಗೆಂದು ಬಾಗಿಲ ಹತ್ತಿರ ಇಟ್ಟಳು.

ಆಮೇಲೆ ನಿಮ್ಮ ಪತ್ರವನ್ನು ನಾನು ಮತ್ತೆ ತೆಗೆದು ಓದುತ್ತಿದ್ದುದನ್ನು ಅಮ್ಮ ನೋಡಿದಳು. "ಏನು ಬರ್ದಿದಾನೆ ಅಷ್ಟುದ್ದ?" ಎಂದು ಕೇಳಿದಳು. ಅವಳಿಗೆ ಓದಲು ಬರುವುದಿಲ್ಲ, ಮುಖ ಓದಲು ಬರುತ್ತದೆ. ಪೆಟ್ಟಿಗೆಯ ವಿಷಯ ಎಂದೆ. ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಮತ್ತೆ ನನ್ನ ಕೈಗೇ ಕೊಟ್ಟಳು. ನಾನು ಹೇಳಿಲ್ಲ. ಆದರೆ ಹೇಳಬೇಡ ಎಂಬ ಮಾತನ್ನು ಹಿಂದೆ ತೆಗೆದುಕೊಳ್ಳಿ ಎಂದು ಕೇಳುತ್ತೇನೆ.

ವಿಮಾನದಲ್ಲಿ ಹೋಗುವ ನರ್ಸ್ ಒಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ೧೯ಕ್ಕೆ ಅವರು ವಾಪಸು ಬರುತ್ತಾರೆ.

ನಿಮ್ಮ ಸುಕೈನಾ


ಓರಾನ್
ಏಪ್ರಿಲ್ ೧೬

ಮಗಳೇ,

ಸೆಲ್ಲು! ಸೆಲ್ಲು ಕಣೇ!

ಬಿಸಿಲಿಗಿಟ್ಟ ಸೆಲ್ಲಿಗೆ ಬರುವ ಜೀವ ಕೈಕಾಲು ತಿಕ್ಕಿ ಎಬ್ಬಿಸಿದ ಮುದುಕನ ಜೀವ. ಎದ್ದು ನಾಲ್ಕು ಹೆಜ್ಜೆ ನಡೆಯುತ್ತಾನೆ, ಕೂತುಬಿಡುತ್ತಾನೆ. ಮೊದಲ ಲೋಟಕ್ಕೆ ಒಂಬತ್ತು ವೋಲ್ಟ್ ಹತ್ತಿರ ಕೊಡುತ್ತದೆ, ಮೂರನೆಯದಕ್ಕೆ ಐದೂ ಇರುವುದಿಲ್ಲ. ಸ್ವರಕ್ಕೆ ತಲೆಯೆತ್ತಲು ಜಾಗ ಸಾಲದೆ ಮೇಲೆ ಕೆಳಗೆ ಬಡಿದುಕೊಳ್ಳುತ್ತದೆ. ನೀನು ಕೇಳಿದ್ದು ಅದನ್ನೇ. ದಪ್ಪ ತಂತಿಗೆ ಎಲ್ಲಕ್ಕಿಂತ ಹೆಚ್ಚು ಜಾಗ ಬೇಕು, ಅದಕ್ಕೇ ಅದು ಮೊದಲು ಕೆಟ್ಟಿತು. ಮರುದಿನ ನಿನ್ನಮ್ಮ ಮತ್ತೆ ಗೋಡೆಯ ಮೇಲೆ ಮಲಗಿಸುತ್ತಿದ್ದಳು, ಮತ್ತೆ ಸರಿ. ನಾನು ಇಲ್ಲಿ ಗೋಡೆಯ ಕರೆಂಟಿನಲ್ಲಿ ಪರೀಕ್ಷೆ ಮಾಡಿದೆ.

ಸೆಲ್ಲು ಸರಿಯಿವೆಯೇ ಎಂದು ನಾನು ಕೇಳಿದೆ. ಒಳ್ಳೆಯವು ಎಂದು ನೀನು ಬರೆದೆ. ನೀನು ಸುಳ್ಳು ಹೇಳಲಿಲ್ಲ. ಬಿಸಿಲಿಗಿಟ್ಟ ಸೆಲ್ಲು ಅಲ್ಲಿ ಒಳ್ಳೆಯ ಸೆಲ್ಲೇ. ನನ್ನ ತಾಯಿಯೂ ಹಾಗೇ ಮಗುಚುತ್ತಿದ್ದಳು, ನಡುವೆ ಕಲ್ಲಿಡುತ್ತಿದ್ದಳು. ಹದಿನಾರು ವರ್ಷ ಆ ಗೋಡೆಗಳ ನಡುವೆ ಇದ್ದವನು, ಐದು ವರ್ಷದಲ್ಲಿ ಅದನ್ನು ಮರೆತಿದ್ದೇನೆ. ಕಿವಿ ಹೋದದ್ದಕ್ಕಿಂತ ಇದು ಹೆಚ್ಚು ನಾಚಿಕೆ.

ನರ್ಸ್ ಕೈಯಲ್ಲಿ ಮೂರು ಕಾಲಿನ ಕಪ್ಪು ರೆಗ್ಯುಲೇಟರ್ ಕಳಿಸಿದ್ದೇನೆ. ಲಾರಿ ಬ್ಯಾಟರಿಯ ಹನ್ನೆರಡು ವೋಲ್ಟನ್ನು ಒಂಬತ್ತಕ್ಕೆ ಇಳಿಸುತ್ತದೆ, ಗಂಟೆಗಟ್ಟಲೆ ಹಾಗೇ ಹಿಡಿಯುತ್ತದೆ. ಅಕ್ಷರ ನಿನ್ನ ಕಡೆ ಇರುವಂತೆ ಹಿಡಿ. ಎಡಗಾಲು ಬ್ಯಾಟರಿಯ ಕೆಂಪಿಗೆ, ನಡುವಿನದು ಕಪ್ಪಿಗೆ, ಬಲಗಾಲು ಪೆಟ್ಟಿಗೆಗೆ. ಜೊತೆಗೆ ಆರು ಹೊಸ ಸೆಲ್ಲು, ಎಲ್ಲಾದರೂ ಕೈಕೊಟ್ಟರೆ ಇರಲಿ.

ನಿನ್ನ ಕೈ ಮೆಲು ಎಂದು ಮೊದಲೇ ಗೊತ್ತಿದ್ದರೆ ಫೆಬ್ರವರಿಯಲ್ಲೇ ಹಮೂದಿಯನ್ನು ಬಿಟ್ಟು ಬೇರೆ ಕಡೆ ನೋಡುತ್ತಿದ್ದೆ. ನನ್ನ ಕಿವಿಯ ವಿಷಯ ನಿನಗೆ ಗೊತ್ತಿದ್ದರೆ ಜನವರಿಯಲ್ಲೇ ನೀನು ಇಡೀ ದಿನ ಬರೆಯುತ್ತಿದ್ದೆ. ಇಬ್ಬರೂ ಸೇರಿ ನಿನ್ನಮ್ಮನ ಮೂರು ತಿಂಗಳು ತಿಂದೆವು. ಪೆಟ್ಟಿಗೆಯ ಒಳಗೆ ನೀಲಿ ತಿರುಪು ಇದೆ, ಅದನ್ನು ಬಲಕ್ಕೆ ಕಾಲು ಸುತ್ತು ತಿರುಗಿಸು. ಅದು ಹಮೂದಿಗೆ ಇಟ್ಟದ್ದು. ಇದು ನಿನ್ನ ಕೈಗೆ.

ಹೇಳು ಅವಳಿಗೆ. ನಿನಗೆ ಹೇಗೆ ತೋರುತ್ತದೋ ಹಾಗೆ.

ಮಾವ


ಸ್ಮಾರಾ ಶಿಬಿರ
ಏಪ್ರಿಲ್ ೨೬

ಪ್ರೀತಿಯ ಮಾವ,

೨೦ಕ್ಕೆ ರೆಗ್ಯುಲೇಟರ್ ಹಾಕಿದೆ. ಎಡ, ನಡು, ಬಲ ಎಂದು ಬಾಯಲ್ಲಿ ಹೇಳಿಕೊಂಡು ಹಾಕಿದೆ. ನೀಲಿ ತಿರುಪು ಕಾಲು ಸುತ್ತು. ಅಮ್ಮ ಎಂದಿನಂತೆ ಸೆಲ್ಲು ಎತ್ತಿಕೊಂಡು ಹೊರಟಿದ್ದಳು, ಬೇಡ ಎಂದೆ. ಮೊದಲ ಲೋಟ ಸ್ವಚ್ಛ. ಎರಡನೆಯದು ಸ್ವಚ್ಛ. ಮೂರನೇ ಲೋಟ ಬಗ್ಗಿಸುವಾಗ ಅಮ್ಮ ಕೆಟಲನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು, ಚಹಾ ಲೋಟ ತುಂಬಿ ತಟ್ಟೆಗೆ ಹರಿಯಿತು. ಆಮೇಲೆ ನಾಲ್ಕನೇ ಸಲ ಚಹಾ ಇಟ್ಟಳು. ಅದನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಆ ನಾಲ್ಕನೇ ಲೋಟದಲ್ಲಿ ನಿಮ್ಮ ಕಿವಿಯ ವಿಷಯ ಹೇಳಿದೆ. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವಳು ಎದ್ದು ಆಡುಗಳ ಹತ್ತಿರ ಹೋದಳು. ಬಹಳ ಹೊತ್ತು ಅಲ್ಲೇ ಇದ್ದಳು. ಬಂದು, "ಮೂರು ದಿನ ನಾನು ಅವನಿಗೆ ಏನು ಹೇಳಿದೆ ಗೊತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಡೋದು ಬಿಡ್ಲಾ ಅಂತ ಕೇಳ್ದೆ. ಹ್ಞೂಂ ಅಂತ ತಲೆ ಆಡಿಸ್ದ, ಆ ಕಿವುಡ ಕತ್ತೆ!" ಎಂದು ನಕ್ಕಳು. ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು.

೨೪ಕ್ಕೆ ರೇಡಿಯೋದವರು ಬಂದರು. ನನ್ನನ್ನು ನೋಡಿ, "ನುಡಿಸೋರು ಎಲ್ಲಿ?" ಎಂದರು. ನಾನು ಗಿಟಾರನ್ನು ಮಡಿಲಿಗೆ ಎಳೆದುಕೊಂಡೆ. ಅಮ್ಮ, "ಕಣ್ಣೆದುರಿಗೇ ಕೂತಿದಾಳೆ. ಯಂತ್ರ ಇಡಿ" ಎಂದಳು. ಬಾವಿಯ ಹಾಡನ್ನು ಮೊದಲ ಸಾಲಿನಿಂದಲೇ ಎತ್ತಿದಳು. ಮೇಲೆ ಹೋಗಬೇಕಾದ ಕಡೆ ದನಿ ಹೋಗಲಿಲ್ಲ, ಅಲ್ಲಿ ಬರೀ ಉಸಿರಿತ್ತು. ಆದರೆ ಆ ಉಸಿರು ಕೇಳಿತು, ಮಾವ. ಗಿಟಾರು ಅದರ ಮೇಲೆ ಹತ್ತಲಿಲ್ಲ. ಹನ್ನೊಂದಲ್ಲ, ಹದಿಮೂರು ಸಾಲಿತ್ತು. ಅಜ್ಜಿ ಎರಡನ್ನು ತನಗಾಗಿ ಇಟ್ಟುಕೊಂಡಿದ್ದಳಂತೆ.

ಕ್ಯಾಸೆಟ್ಟಿನ ಒಂದು ಪ್ರತಿ ಕಳಿಸುತ್ತಿದ್ದೇನೆ. ನಿಮಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಅಮ್ಮನೇ ಅದನ್ನು ಲಕೋಟೆಗೆ ಹಾಕಿದಳು. ಅವಳ ಮಾತನ್ನು ಹಾಗೇ ಬರೆಯುತ್ತೇನೆ: "ಅವನಿಗೆ ಹೇಳು, ಬಂದು ನನ್ನ ಪಕ್ಕ ಡೇರೆ ಕಂಬಕ್ಕೆ ಬೆನ್ನು ಕೊಟ್ಟು ಕೂತ್ಕೊಳ್ಲಿ. ನಾನು ತಬಲನ್ನ ಅದೇ ಕಂಬಕ್ಕೆ ಆನಿಸಿ ಬಾರಿಸ್ತೀನಿ. ಕಿವಿಗೆ ಬೀಳ್ದಿದ್ರೆ ಬೆನ್ನಿಗೆ ಬೀಳತ್ತೆ. ಮಾತು ಆಡ್ಬೇಕಾದ್ದು ಸುಕೈನಾ ಬರ್ದು ಕೊಡ್ತಾಳೆ, ಅವಳಿಗೇನು ಬರೆಯೋಕೆ ಬೇಜಾರಾ?"

ಬೇಜಾರಿಲ್ಲ.

ನಿಮ್ಮ ಸುಕೈನಾ


ಓರಾನ್
ಮೇ ೯

ಸುಕೈನಾ,

ಅಂಗಡಿಯ ಬಾಗಿಲು ಹಾಕಿ ಕ್ಯಾಸೆಟ್ಟನ್ನು ದೊಡ್ಡ ಸ್ಪೀಕರಿಗೆ ಕೊಟ್ಟೆ. ಒಂದು ಕೈ ಸ್ಪೀಕರಿನ ಮೇಲೆ, ಕಣ್ಣು ಮೀಟರಿನ ಮೇಲೆ. ದಪ್ಪ ತಂತಿ ಅಂಗೈಗೆ ಬಂತು, ಒಂದೇ ಸಮ, ಎಲ್ಲೂ ಹರಿಯದೆ. ನಿನ್ನ ಹೆಬ್ಬೆರಳು ನಿನ್ನಪ್ಪ ಸಿದಾತಿಯದು. ಅವನೂ ತಾಳದ ಮೂರನೆಯ ಪೆಟ್ಟಿನಲ್ಲಿ ಒಂದು ಚೂರು ತಡೆಯುತ್ತಿದ್ದ. ಅದನ್ನು ಯಾರೂ ನಿನಗೆ ಹೇಳಿಕೊಟ್ಟಿರಲಾರರು.

ತೆಕ್ಬರ್ ಮೇಲೆ ಹೋಗಬೇಕಾದ ಕಡೆ ಅಂಗೈಗೆ ಏನೂ ಬರಲಿಲ್ಲ. ಮುಳ್ಳು ಮಾತ್ರ ಕೂದಲೆಳೆಯಷ್ಟು ಎದ್ದು, ನಿಂತು, ಇಳಿಯಿತು. ಆರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಆರು ಸಲವೂ ಎದ್ದಿತು.

ಅವಳು ಕೇಳಿದ್ದಕ್ಕೆ ನನ್ನ ಉತ್ತರ ಎರಡು ವರ್ಷ ತಡವಾಗಿ: ಬಿಡಬೇಡ. ಇದನ್ನು ಅವಳಿಗೆ ಓದಿ ಹೇಳು, ಎರಡು ಸಲ.

ಬೂದಾನ ಲಾರಿ ೨೦ಕ್ಕೆ ಹೊರಡುತ್ತದೆ. ಮುಂದಿನ ಸೀಟು ಹೇಳಿದ್ದೇನೆ. ಮೀಟರನ್ನು ತರುತ್ತೇನೆ, ಅಭ್ಯಾಸ. ರಜೆ ಎಷ್ಟು ದಿನ ಎಂದು ಮಾಲೀಕ ಕೇಳಿದ. ಹೊರಡುವ ದಿನ ಈ ಸಲ ನಾನು ಹೇಳುವುದಿಲ್ಲ ಎಂದೆ.

ಒಂದು ಕೆಲಸ ಮಾಡು. ಪೆಟ್ಟಿಗೆಗೆ ಈಗ ಸೆಲ್ಲು ಬೇಡ, ಗೊತ್ತು. ಆದರೂ ನಾನು ಬರುವವರೆಗೆ ಆ ಹಳೆಯ ಆರನ್ನು ದೊಡ್ಡಿಯ ಗೋಡೆಯ ಮೇಲೆ ಬಿಸಿಲಿಗೆ ಇಟ್ಟಿರು, ನಡುವೆ ಆ ಕಲ್ಲೂ ಇರಲಿ. ನಾನು ನೋಡಬೇಕು.

ಮಾವ